ಸಹಾಯ ಬೇಕು: ಬೇಸಿಗೆ ಶಿಬಿರದ ಮಕ್ಕಳನ್ನ ವಾರಕ್ಕೊಮ್ಮೆ ಎಲ್ಲಿಗೆ ಕರ್ಕೊಂಡು ಹೋಗೋದು?

ಎಲ್ಲರಿಗೂ ನಮಸ್ಕಾರ. 6ರಿಂದ 12 ವರ್ಷದ ಮಕ್ಕಳಿಗೆ ಹಗಲಿನ ಬೇಸಿಗೆ ಶಿಬಿರ ನಡೆಸ್ತಿದ್ದೀವಿ. ಚಿತ್ರ, ನಾಟಕ, ಜೇಡಿಮಣ್ಣಿನ ಕೆಲಸ ಎಲ್ಲಾ ಚೆನ್ನಾಗಿ ನಡೀತಿದೆ. ಚಿಂತೆ ಇರೋದು ಶುಕ್ರವಾರದ ಹೊರಸಂಚಾರದ್ದು. ದೊಡ್ಡ ಮಕ್ಕಳು ಮೈಮರೆತು ನೋಡೋ ಜಾಗದಲ್ಲಿ ಪುಟಾಣಿಗಳು ಬೇಗ ಸುಸ್ತಾಗಿ ಹಟ ಹಿಡೀತಾರೆ. ಮ್ಯೂಸಿಯಂ, ತಾರಾಲಯಕ್ಕೆ ಎರಡು ತಂಡ ಮಾಡಿ ಕರ್ಕೊಂಡು ಹೋದವರು ಯಾರಾದರೂ ಇದ್ದೀರಾ?

ಮಕ್ಕಳು ಈಜುಕೊಳ ಬೇಕೇ ಬೇಕು ಅಂತಿದ್ದಾರೆ. ಲೈಫ್‌ಗಾರ್ಡ್ ಇದ್ದರೂ ನಮ್ಮವರೊಬ್ಬರು ಮೊಬೈಲ್ ಪಕ್ಕಕ್ಕಿಟ್ಟು ನೀರನ್ನೇ ನೋಡ್ತಾ ನಿಲ್ಲಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಮುಳುಗ್ತಿರೋ ಮಗು ಎಷ್ಟೋ ಸಲ ಕೂಗೋದೇ ಇಲ್ಲ. ನೀವು ಎಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರನ್ನ ಇಟ್ಕೊಳ್ತೀರಿ?

ಬಿಸಿಲೇರೋ ಮುಂಚೆ ಮುಗಿಸಬಹುದಾದ, ಮಳೆ ಬಂದರೆ ಒಳಗೇ ಮಾಡಿಸಬಹುದಾದ ಚಟುವಟಿಕೆ ಗೊತ್ತಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.