ಒಣಮೀನು, ಒಣಗಿದ ಮೀನು: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ‘ಒಣಮೀನು’ ಅನ್ನುವ ಕಡೆ ‘ಒಣಗಿದ ಮೀನು’ ಅಂತ ಬರೆದರೆ ಅರ್ಥ ಬದಲಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ನಿಮಗೆ ಹೇಗೆ ಕಾಣುತ್ತದೆ ತಿಳಿಸಿ.

ನಾನು ಕುಮಟಾ ಕಡೆ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಸಣ್ಣ ವಾಕ್ಯ ಕೊಟ್ಟು, ಗುಣವಾಚಕ, ಕ್ರಿಯಾವಿಶೇಷಣ ಸೇರಿಸಿ ಬೆಳೆಸಿ ಅನ್ನುವುದು ನಮ್ಮಲ್ಲಿ ರೂಢಿ. ‘ಬುಟ್ಟಿಯಲ್ಲಿ ಮೀನು ಇತ್ತು’ ಅಂತ ಕೊಟ್ಟರೆ ಹೆಚ್ಚಿನವರು ಬರೆಯುವುದು ಹೀಗೆ: ‘ದೊಡ್ಡದಾದ ಸುಂದರವಾದ ಬುಟ್ಟಿಯಲ್ಲಿ ಒಣಗಿದ ಮೀನು ಇತ್ತು.’ ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಇದೇ ಮಕ್ಕಳು ಮನೆಯಲ್ಲಿ ‘ಒಣಗಿದ ಮೀನು’ ಅನ್ನುವುದೇ ಇಲ್ಲ. ಒಣಮೀನು ಅಂದರೆ ಉಪ್ಪು ಹಾಕಿ, ಬಿಸಿಲಿಗೆ ಹರವಿ, ಮಳೆಗಾಲಕ್ಕೆ ಅಂತ ಎತ್ತಿಟ್ಟದ್ದು. ಒಣಗಿದ ಮೀನು ಅಂದರೆ ಯಾರೂ ಕೊಳ್ಳದೆ ಬುಟ್ಟಿಯಲ್ಲೇ ಒಣಗಿಹೋದದ್ದೂ ಇರಬಹುದು, ಅಲ್ವಾ?

ಶಿರಸಿಯ ಅಡಿಕೆ ಪೇಟೆಯಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ‘ಕೆಂಪಡಿಕೆ’ ಅಂದರೆ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದ ಅಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ, ತಿಂಗಳಿಗಿಂತ ಜಾಸ್ತಿ ಬಿಸಿಲು ತಾಗಿಸಿ ಸುಲಿದರೆ ಅದು ಚಾಲಿ. ಅಂದರೆ ಕೆಂಪಡಿಕೆ ಎಂಬ ಒಂದು ಮಾತಿನಲ್ಲಿ ಬಣ್ಣದ ಜೊತೆ ಅಷ್ಟೂ ಕೆಲಸ ಸೇರಿದೆ. ‘ಕೆಂಪು ಅಡಿಕೆ’ ಅಂತ ಬಿಡಿಸಿ ಬರೆದರೆ ಪೇಟೆಯವರಿಗೆ ಗೊತ್ತಾಗುತ್ತದೆ, ಹೊರಗಿನವರಿಗೆ ಬಣ್ಣ ಮಾತ್ರ ಕಾಣುತ್ತದೆ. ‘ಕೆಂಪಾದ ಅಡಿಕೆ’ ಅಂದರೆ ಕತೆಯೇ ಬೇರೆ: ಮೊದಲು ಬೇರೆ ಬಣ್ಣ ಇತ್ತು, ಆಮೇಲೆ ಯಾವುದೋ ಕಾರಣಕ್ಕೆ ಕೆಂಪಾಯಿತು. ಅಡಿಕೆಯ ಇನ್ನೆರಡು ಬಗೆ ಬಿಳಿಗೋಟು, ಕೆಂಪುಗೋಟು ಕೂಡ ಹಾಗೆಯೇ. ‘ಬಿಳಿಯಾದ ಗೋಟು ಇದೆಯಾ’ ಅಂತ ಯಾರೂ ಕೇಳುವುದಿಲ್ಲ.

ಗುಣವಾಚಕ ಹೀಗೆ ಹೆಸರಿಗೆ ಅಂಟಿಕೊಂಡರೆ ಅದು ಕರ್ಮಧಾರಯ ಸಮಾಸ ಅಂತ ಪಾಠದಲ್ಲಿ ಹೇಳುತ್ತೇವೆ. ಹೆಮ್ಮರ, ಕೆಂದಾವರೆ ಅಂತ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ಕೆಂಪಡಿಕೆ, ಒಣಮೀನು ಕೊಟ್ಟರೆ ನಮ್ಮ ಕಡೆಯ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಅದನ್ನು ಪುಸ್ತಕದಲ್ಲೂ ಹಾಕಬೇಕು ಅಂತ ನನ್ನ ಆಸೆ.

ಹಾಗಂತ ‘ಆದ’ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆಳ, ಎತ್ತರ ಇವು ಮೂಲದಲ್ಲಿ ನಾಮಪದ. ‘ಆಳವಾದ ಬಾವಿ’, ‘ಎತ್ತರದ ಮರ’ ಅಂತ ಏನಾದರೂ ಸೇರಿಸಲೇಬೇಕು. ದೊಡ್ಡ, ಸಣ್ಣ, ಹಳೆ, ಹೊಸ ಇವಕ್ಕೆ ಅದರ ಹಂಗಿಲ್ಲ. ‘ದೊಡ್ಡ ಬುಟ್ಟಿ’ ಅಂದರೆ ಸಾಕು. ‘ದೊಡ್ಡದಾದ’ ಅಂತ ಎಳೆದರೆ ವಾಕ್ಯ ಸುಮ್ನೆ ಉದ್ದ ಆಗುತ್ತದೆ, ಬುಟ್ಟಿ ಮಾತ್ರ ಅಷ್ಟೇ ಇರುತ್ತದೆ. ಕ್ರಿಯಾವಿಶೇಷಣದ ‘ಆಗಿ’ಗೂ ಇದೇ ಮಾತು. ‘ಮಳೆ ಜೋರಾಗಿ ಬಂತು’ ಅಂತ ಬರೆಯುವ ಹುಡುಗಿಯೇ ಮಾತಾಡುವಾಗ ‘ಧೋ ಅಂತ ಸುರೀತು’ ಅನ್ನುತ್ತಾಳೆ. ಆ ‘ಧೋ’ ವಾಕ್ಯದೊಳಗೆ ಬರಲಿ. ಹೀಗೆ ಸದ್ದನ್ನು ಅನುಕರಿಸುವ ಪದ, ಅಂದರೆ ಅನುಕರಣಾವ್ಯಯವೂ ವಿಶೇಷಣದ ಕೆಲಸ ಮಾಡುತ್ತದಲ್ಲ.

ಇನ್ನೊಂದು ತೊಡಕು ವಿಶೇಷಣ ನಿಲ್ಲುವ ಜಾಗದ್ದು. ‘ಹೊಸ ಅಡಿಕೆ ವ್ಯಾಪಾರಿ’ ಅಂತ ಬರೆದರೆ ಹೊಸದು ಅಡಿಕೆಯೋ, ವ್ಯಾಪಾರಿಯೋ? ಪೇಟೆಯಲ್ಲಿ ಹೊಸ ಚಾಲಿ, ಹಳೆ ಚಾಲಿ ಅಂತ ಬೇರೆ ಬೇರೆ ದರ ಇರುವಾಗ ಇದು ಸಣ್ಣ ಸಂಶಯ ಅಲ್ಲ. ‘ಅಡಿಕೆಯ ಹೊಸ ವ್ಯಾಪಾರಿ’ ಅಂತ ಒಂದು ವಿಭಕ್ತಿ ಹಚ್ಚಿ ಜಾಗ ಬದಲಿಸಿದರೆ ಸರಿಹೋಯಿತು.

ಈಗ ನನಗೆ ನಿಜವಾಗಿ ಬಗೆಹರಿಯದ್ದು ‘ಹಸಿಮೀನು’. ಕಾರವಾರ, ಅಂಕೋಲಾ ಕಡೆ ಹಸಿಮೀನು ಅಂದರೆ ಒಣಗಿಸದ, ಅಂದಿನ ತಾಜಾ ಮೀನು. ಘಟ್ಟದ ಮೇಲಿನ ಓದುಗರು ‘ಹಸಿ’ ಅಂದರೆ ಬೇಯಿಸದ್ದು ಅಂತ ತಿಳಿಯಬಹುದು. ಕೂಡಿಸಿ ಬರೆದರೆ ತಾಜಾ ಮೀನು, ‘ಹಸಿ ಮೀನು’ ಅಂತ ಬಿಡಿಸಿ ಬರೆದರೆ ಬೇಯಿಸದ ಮೀನು ಅಂತ ವ್ಯತ್ಯಾಸ ಮಾಡಬಹುದೇ? ಅಥವಾ ಓದುವವರು ಅಷ್ಟು ಗಮನಿಸುವುದಿಲ್ಲವೇ? ಹೊನ್ನಾವರ, ಭಟ್ಕಳದವರು ಯಾರಾದರೂ ಇದ್ದರೆ ನಿಮ್ಮ ಮನೆಯ ಬಳಕೆ ಹೇಳಿ.