ಮನೆಯಲ್ಲಿ ಸ್ಟ್ರಾಬೆರಿ ಮಾರ್ಗರೀಟಾ: ಮಾಡಿ ನೋಡಿದವರು ಸ್ವಲ್ಪ ಹೇಳ್ತೀರಾ?

ಶನಿವಾರದ ಆತಿಥ್ಯ: ಶನಿವಾರ 6 ಜನ ಬರುತ್ತಿದ್ದಾರೆ, ಮಾರ್ಗರೀಟಾ (ಟಕೀಲಾ ಎಂಬ ಮೆಕ್ಸಿಕೊದ ಮದ್ಯಕ್ಕೆ ನಿಂಬೆ ರಸ ಬೆರೆಸಿದ ಪಾನೀಯ) ಮಾಡಬೇಕೆಂದಿದ್ದೇನೆ. 2 ಕೆಜಿ ಸ್ಟ್ರಾಬೆರಿ ಇದೆ, ಶೇಕರ್ (ಕುಲುಕಿ ಬೆರೆಸುವ ಡಬ್ಬಿ) ಇದೆ, ಮಿಕ್ಸಿ ಇಲ್ಲ. ಬರುವವರಲ್ಲಿ ಒಬ್ಬರು ಮದ್ಯ ಮುಟ್ಟುವುದಿಲ್ಲ. ಹಣ್ಣು ಎಷ್ಟು, ನಿಂಬೆ ಎಷ್ಟು? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಪ್ಲರ್ ಹೋದವ: ನಾನು ಮಾವಿನಹಣ್ಣಿನದು ಮಾಡಲು ಹೋಗಿ ಮಿಕ್ಸಿಯನ್ನೇ ಕಳೆದುಕೊಂಡೆ. 1 ಕೆಜಿ ಹೋಳನ್ನು ಒಂದೇ ಚೀಲಕ್ಕೆ ತುಂಬಿ ರಾತ್ರಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಕಲ್ಲುಗುಂಡು! ಹಾಗೇ ಜಾರಿಗೆ ತುರುಕಿದೆ, ಮೇಲೆ ಸ್ವಲ್ಪ ಟಕೀಲಾ ಸುರಿದೆ, ಗುಂಡಿ ತಿರುಗಿಸಿದೆ. ಮೊದಲು ಗುರ್ ಅಂತ ಸದ್ದು, ಆಮೇಲೆ ಸುಟ್ಟ ರಬ್ಬರ್ ವಾಸನೆ. ಜಾರನ್ನು ಮೋಟಾರಿಗೆ ಸೇರಿಸುವ ಕಪ್ಲರಿನ ಹಲ್ಲು ಒಂದೂ ಉಳಿದಿರಲಿಲ್ಲ. ಹೊಸ ಕಪ್ಲರ್ ಹಾಕಿಸಿದೆ. 8 ದಿನಕ್ಕೆ ಮೋಟಾರೂ ಹೋಯಿತು.

ಅವತ್ತು ಅರ್ಧ ಕರಗಿದ ಹಣ್ಣನ್ನು ಕೈಯಲ್ಲೇ ಕಿವುಚಿದೆ. ಸಿಹಿ ಜಾಸ್ತಿ ಅನ್ನಿಸಿತು, 3 ನಿಂಬೆ ಹಿಂಡಿದೆ. ಹುಳಿಯಾಯಿತು, ಸಕ್ಕರೆ ಪಾಕ ಹಾಕಿದೆ. ಪಾನಕದ ಹಾಗಾಯಿತು, ಟಕೀಲಾ ಸುರಿದೆ. ಕೊನೆಗೆ ಲೆಕ್ಕ ಹಾಕಿದರೆ 11 ನಿಂಬೆ, ಮುಕ್ಕಾಲು ಬಾಟಲಿ. ಕುಡಿದವರು ಇಬ್ಬರೇ. ಈಗ ಹೋಳುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜ್ ಮಾಡುತ್ತೇನೆ, 10 ನಿಮಿಷ ಹೊರಗಿಡುತ್ತೇನೆ, ಜಾರಿಗೆ ಮೊದಲು ದ್ರವ ಹಾಕುತ್ತೇನೆ. ಹಣ್ಣೇ ಐಸ್ ಆದ್ದರಿಂದ ಬೇರೆ ಐಸ್ ಹಾಕುವುದಿಲ್ಲ, ನೀರು ನೀರಾಗುವುದಿಲ್ಲ.

ಶೇಕರ್ ಪಕ್ಷ: ಮಿಕ್ಸಿಗೆ ಹಾಕಿದರೆ ಅದು ಮಾರ್ಗರೀಟಾ ಅಲ್ಲ ಸ್ವಾಮಿ, ಮಕ್ಕಳ ಐಸ್‌ಕ್ಯಾಂಡಿ. 50 ಮಿಲಿ ಟಕೀಲಾ, 20 ಟ್ರಿಪಲ್ ಸೆಕ್ (ಕಿತ್ತಳೆ ಘಮದ ಸಿಹಿ ಮದ್ಯ), 15 ನಿಂಬೆ ರಸ. ಇದು ಬುಡ. ಹಣ್ಣು ಬಂತೆಂದರೆ ಹುಳಿ ಮಂಕಾಗುತ್ತದೆ, ಆಗ ನಿಂಬೆ 25ಕ್ಕೆ ಏರಬೇಕು. ಇಷ್ಟು ತಿಳಿಯಲು ನನಗೆ 14 ಸಲ ಬೇಕಾಯಿತು, ನೋಟ್‌ಬುಕ್‌ನಲ್ಲಿ ಎಲ್ಲಾ ಬರೆದಿಟ್ಟಿದ್ದೇನೆ. 6ನೇ ಸಲ ಕಿವಿ ಹಣ್ಣನ್ನು ನುಣ್ಣಗೆ ರುಬ್ಬಿದೆ, ಬೀಜ ಒಡೆದು ಕಹಿಯಾಯಿತು. 9ನೇ ಸಲ ಅನಾನಸ್. ಕುಲುಕಿದ್ದಕ್ಕೆ ಅರ್ಧ ಲೋಟ ಬರೀ ನೊರೆ. 10ನೇ ಸಲದ್ದು ಹೇಳಲು ನಾಚಿಕೆ: ಸೋಡಾ ಸೇರಿಸಿ ಆಮೇಲೆ ಕುಲುಕಿದೆ. ಮುಚ್ಚಳ ಹಾರಿ ಸೀಲಿಂಗಿಗೆ ಬಡಿಯಿತು. ಕಲೆ ಇನ್ನೂ ಇದೆ.

ಮಂಜು ಮಂಜು: ಐಸ್‌ಕ್ಯಾಂಡಿ ಅಂದ್ರಾ? 1971ರಲ್ಲಿ ಅಮೆರಿಕದ ಡಲ್ಲಾಸ್‌ನ ರೆಸ್ಟೋರೆಂಟ್ ಮಾಲೀಕ ಮರಿಯಾನೊ ಮಾರ್ಟಿನೆಜ್ ಸಾಫ್ಟ್ ಐಸ್‌ಕ್ರೀಮ್ ಮೆಷಿನ್ನನ್ನೇ ಬದಲಾಯಿಸಿ ಫ್ರೋಜನ್ ಮಾರ್ಗರೀಟಾ ಮಾಡಿದರು. ಆ ಮೆಷಿನ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ನಿಮ್ಮ ನೋಟ್‌ಬುಕ್ ಯಾವ ಮ್ಯೂಸಿಯಂನಲ್ಲಿದೆ?

ನನಗೆ ಪಾಠ ಕಲಿಸಿದ್ದು ಫ್ರೀಜರ್. ಹಣ್ಣು ಹಾಕದ ಮಿಶ್ರಣವನ್ನು ಡಬ್ಬಿಯಲ್ಲಿ ತುಂಬಿ ಎರಡು ರಾತ್ರಿ ಕಾದೆ, ಗಟ್ಟಿಯಾಗಲೇ ಇಲ್ಲ. ಫ್ರೀಜರ್ ಕೆಟ್ಟಿದೆ ಎಂದು ಮನೆಯಲ್ಲಿ ಜಗಳವೇ ಆಯಿತು. ಕೆಟ್ಟಿರಲಿಲ್ಲ. ಅದರಲ್ಲಿ ಮೂರನೇ ಒಂದು ಭಾಗ ಆಲ್ಕೋಹಾಲೇ, −18 ಡಿಗ್ರಿಗೆಲ್ಲ ಅದು ಬಗ್ಗುವುದಿಲ್ಲ. ಅಷ್ಟಕ್ಕೇ ಲೋಟಕ್ಕೆ 100 ಮಿಲಿಯಂತೆ ಕಲ್ಲಂಗಡಿ ರಸ ಸೇರಿಸಿದೆ. ಬೆಳಿಗ್ಗೆ ಚಮಚದಲ್ಲಿ ಕೆರೆಯುವಂಥ ಮಂಜು! ಮಿಕ್ಸಿಯೂ ಬೇಡ, ಶೇಕರೂ ಬೇಡ.

ಶೇಕರ್ ಪಕ್ಷ: ಮ್ಯೂಸಿಯಂನಲ್ಲಿ ಇಟ್ಟ ಮಾತ್ರಕ್ಕೆ ರುಚಿ ಬರಲ್ಲ ರೀ.

ಕೈ ಸುಟ್ಟುಕೊಂಡವಳು: ನೀವಿಬ್ಬರೂ ಸ್ವಲ್ಪ ಸುಮ್ನಿರಿ. ನಿಂಬೆಯ ವಿಷಯ ಯಾರೂ ಹೇಳಲಿಲ್ಲ. ನಾನು ಹಿತ್ತಲಲ್ಲಿ ಬಿಸಿಲಿಗೆ ಕೂತು 30 ನಿಂಬೆ ಹಿಂಡಿದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಬೆರಳ ಸಂದಿಯಲ್ಲಿ ಉರಿ, ಅದರ ಮರುದಿನ ಬೊಬ್ಬೆ. ರಸ ಇಳಿದ ಜಾಡಿನಲ್ಲೇ ಮಣಿಕಟ್ಟಿನವರೆಗೆ ಗೆರೆ. ಬಿಸಿ ಎಣ್ಣೆ ಸಿಡಿಯಿತಾ ಎಂದು ಎಲ್ಲರೂ ಕೇಳಿದರು. ನಿಂಬೆಯಲ್ಲಿರುವ ಒಂದು ಅಂಶ ಚರ್ಮದ ಮೇಲಿದ್ದಾಗ ಬಿಸಿಲು ತಾಗಿದರೆ ಹೀಗಾಗುತ್ತದೆ ಎಂದು ವೈದ್ಯರು ಹೇಳಿದರು. ಬೊಬ್ಬೆ ಆರಿತು, ಕಂದು ಕಲೆ 3 ತಿಂಗಳು ಇತ್ತು. ಒಳಗೆ ಕೂತು ಹಿಂಡಿ, ಸೋಪಿನಲ್ಲಿ ಕೈ ತೊಳೆದೇ ಹೊರಗೆ ಹೋಗಿ.

ಅಂದಹಾಗೆ ನಾನು ಟ್ರಿಪಲ್ ಸೆಕ್ ಹಾಕುವುದೇ ಇಲ್ಲ. ಟಕೀಲಾ, ನಿಂಬೆ, ಅಗಾವೆ (ಟಕೀಲಾ ಮಾಡುವ ಕತ್ತಾಳೆ ಜಾತಿಯ ಗಿಡ) ಪಾಕ, ಹಣ್ಣು. ಅಷ್ಟೇ.

ಶೇಕರ್ ಪಕ್ಷ: ಕಿತ್ತಳೆ ಘಮ ಇಲ್ಲದೆ ಮಾರ್ಗರೀಟಾನಾ? ಮೇಡಂ, ಅದಕ್ಕೆ ಬೇರೆ ಹೆಸರಿಡಿ.

ಕೈ ಸುಟ್ಟುಕೊಂಡವಳು: ಹೆಸರು ಆಗಲೇ ಇದೆ. ಟಾಮೀಸ್ ಮಾರ್ಗರೀಟಾ. ಸ್ಯಾನ್ ಫ್ರಾನ್ಸಿಸ್ಕೊದ ಟಾಮೀಸ್ ರೆಸ್ಟೋರೆಂಟಿನ ಹುಲಿಯೊ ಬೆರ್ಮೆಹೊ ಮಾಡಿದ್ದು. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಲೇಬಲ್ ಓದುವವ: ಎಲ್ಲರೂ ಹಣ್ಣು ಹಿಡಿದು ಕಿತ್ತಾಡುತ್ತಿದ್ದೀರಿ. ಬಾಟಲಿ ತಿರುಗಿಸಿ ನೋಡಿದ್ದೀರಾ? 100% ಅಗಾವೆ ಎಂದು ಬರೆದಿಲ್ಲದಿದ್ದರೆ ಅದು ಮಿಕ್ಸ್ತೊ. ಅದರಲ್ಲಿ 49% ವರೆಗೆ ಬೇರೆ ಸಕ್ಕರೆಯಿಂದ ಬಂದಿರಬಹುದು. ನಾನು 5 ವರ್ಷ ಅದನ್ನೇ ಹಾಕಿ ಬೆಳಿಗ್ಗೆ ತಲೆನೋವು ಬಂದಾಗೆಲ್ಲ ಹಣ್ಣನ್ನು ಬೈದೆ.

ಕಪ್ಲರ್ ಹೋದವ: 100% ಹಾಕಿಯೇ ನನಗೂ ತಲೆನೋವು ಬಂದಿತ್ತು. ಮುಕ್ಕಾಲು ಬಾಟಲಿ ಅಂದೆನಲ್ಲ.

ಅರ್ಧ ಅಂಚು: ಉಪ್ಪನ್ನು ಲೋಟದ ಪೂರ್ತಿ ಅಂಚಿಗೆ ಹಚ್ಚಬೇಡಿ, ಅರ್ಧಕ್ಕೆ ಸಾಕು. ಬೇಕಾದವರು ಆ ಕಡೆ, ಬೇಡದವರು ಈ ಕಡೆ ಕುಡಿಯಲಿ. ಹೊರಬದಿಗೆ ಮಾತ್ರ ಹಚ್ಚಿ. ಒಳಗೆ ಬಿದ್ದರೆ ಎರಡನೇ ಗುಟುಕೇ ಸಮುದ್ರ. ಪುಡಿ ಉಪ್ಪಂತೂ ಬೇಡ, ಹರಳುಪ್ಪನ್ನು ಸ್ವಲ್ಪ ಜಜ್ಜಿಕೊಳ್ಳಿ.

ಮಂಜು ಮಂಜು: ಹಣ್ಣಿನದಕ್ಕೆ ಉಪ್ಪಾ? ಸಕ್ಕರೆ ಹಚ್ಚಿ ರೀ.

ಅರ್ಧ ಅಂಚು: ಸಕ್ಕರೆ ಹಚ್ಚುವವರ ಜೊತೆ ನನಗೆ ಮಾತಿಲ್ಲ.

ಶನಿವಾರದ ಆತಿಥ್ಯ: ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನದು ಸ್ಟ್ರಾಬೆರಿ. ಮಿಕ್ಸಿ ಇಲ್ಲ ಅಂತ ಮೊದಲೇ ಹೇಳಿದ್ದೆ. ಮದ್ಯ ಬೇಡದವರಿಗೆ ಏನು ಕೊಡಲಿ?

ಕೈ ಸುಟ್ಟುಕೊಂಡವಳು: ಫೋರ್ಕಿನಲ್ಲಿ ಜಜ್ಜಿ, ಸಕ್ಕರೆ ಹಾಕಿ ಅರ್ಧ ಗಂಟೆ ಬಿಡಿ, ರಸ ತಾನೇ ಬಿಡುತ್ತದೆ. ಜರಡಿಯಲ್ಲಿ ಸೋಸಿ, ಬೀಜ ಉಳಿಯುತ್ತದೆ. ಲೋಟಕ್ಕೆ 40 ಮಿಲಿ ಸಾಕು. ಅವರಿಗೆ ಅದೇ ರಸ, ನಿಂಬೆ, ಮೇಲೆ ಸೋಡಾ.

ಶೇಕರ್ ಪಕ್ಷ: ಸೋಡಾ ಹಾಕುವುದು ಕುಲುಕಿ ಆದ ಮೇಲೆ!! 40 ಅಲ್ಲ, 30. ನನ್ನ 12ನೇ ಸಲದ್ದು ನೋಡಿ ಹೇಳುತ್ತಿದ್ದೇನೆ.

ಕೈ ಸುಟ್ಟುಕೊಂಡವಳು: 40.