ಗೋಬರ್ ಗ್ಯಾಸ್ ತೊಟ್ಟಿಯಿಂದ ಬರುವ ಕಂದು ನೀರಿಗೆ ಫೆಂಟನ್ ಘಟಕ ಹಾಕಿಸಬಹುದೇ?

ಪ್ರಶ್ನೆ (ಹೈನುಗಾರ, ದೊಡ್ಡಬಳ್ಳಾಪುರ ತಾಲ್ಲೂಕು)

ನಮ್ಮಲ್ಲಿ ಅರವತ್ತು ಎಚ್‌ಎಫ್ ಹಸುಗಳಿವೆ. ಸಗಣಿ, ಗಂಜಲ, ಕೊಟ್ಟಿಗೆ ತೊಳೆದ ನೀರು ಎಲ್ಲವೂ ಗೋಬರ್ ಗ್ಯಾಸ್ ತೊಟ್ಟಿಗೆ ಹೋಗುತ್ತವೆ. ಅಲ್ಲಿಂದ ದಿನಕ್ಕೆ ಸುಮಾರು 8,000 ಲೀಟರ್ ಕಂದು ನೀರು ಹೊರಬರುತ್ತದೆ. ಪರೀಕ್ಷೆ ಮಾಡಿಸಿದಾಗ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 6,000 ಮಿಲಿಗ್ರಾಂ ಬಂತು. ಮಳೆಗಾಲದಲ್ಲಿ ಇದು ಹಳ್ಳ ಸೇರಿ ಊರ ಕೆರೆಗೆ ಇಳಿಯುತ್ತದೆ, ಅದನ್ನು ನಿಲ್ಲಿಸಲೇಬೇಕು. ಮಾರಾಟಗಾರರೊಬ್ಬರು ಫೆಂಟನ್ ಘಟಕ (ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣ ಹಾಕಿ ಕೊಳೆಯನ್ನು ಸುಡುವ ವ್ಯವಸ್ಥೆ) ಹಾಕಿಸಿದರೆ ಕೆಲವೇ ಗಂಟೆಗಳಲ್ಲಿ ನೀರು ತಿಳಿಯಾಗುತ್ತದೆ ಎನ್ನುತ್ತಿದ್ದಾರೆ. ನಿಜವೇ?

ಉತ್ತರ 1 (ಔಷಧ ಕಾರ್ಖಾನೆಯ ತ್ಯಾಜ್ಯನೀರು ಘಟಕದ ಮೇಲ್ವಿಚಾರಕ)

ತಿಳಿಯಾಗುವುದು ನಿಜ. ಆದರೆ ಮೊದಲು ಲೆಕ್ಕ ನೋಡಿ. ನಿಮ್ಮ ನೀರಿನಲ್ಲಿ ದಿನಕ್ಕೆ 48 ಕಿಲೋ ಸಿಒಡಿ ಇದೆ. ಒಂದು ಕಿಲೋ ಸಿಒಡಿಯನ್ನು ಪೂರ್ತಿ ಸುಡಲು ಸೂತ್ರದ ಪ್ರಕಾರ 2.125 ಕಿಲೋ ಶುದ್ಧ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಮಾರುಕಟ್ಟೆಯ ಶೇ 50ರ ದ್ರಾವಣದಲ್ಲಿ ಅದು ದಿನಕ್ಕೆ 200 ಕಿಲೋ ದಾಟುತ್ತದೆ. ಯಾವ ಹಾಲಿನ ದರವೂ ಇದನ್ನು ತಾಳಲಾರದು.

ಫೆಂಟನ್ ಕ್ರಿಯೆ ಚುರುಕಾಗಿ ನಡೆಯುವುದು ಪಿಎಚ್ 3ರ ಆಸುಪಾಸಿನಲ್ಲಿ, ಅಂದರೆ ನೀರು ಚೆನ್ನಾಗಿ ಹುಳಿಯಾಗಿರುವಾಗ. ಗೋಬರ್ ಗ್ಯಾಸ್ ನೀರಿನಲ್ಲಿ ಆಮ್ಲವನ್ನು ಕಳೆಯುವ ಬೈಕಾರ್ಬೊನೇಟ್ ತುಂಬಿರುವುದರಿಂದ ಅಲ್ಲಿಗಿಳಿಸಲು ಬಹಳ ಸಲ್ಫ್ಯೂರಿಕ್ ಆಮ್ಲ ಬೇಕು, ನೊರೆಯುಕ್ಕುತ್ತದೆ. ಅದಕ್ಕಿಂತ ಭಯದ ಮಾತು: ಆಮ್ಲ ಬಿದ್ದೊಡನೆ ನೀರಿನಲ್ಲಿರುವ ಸಲ್ಫೈಡ್, ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮೇಲೇಳುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಅದು ಮನುಷ್ಯನನ್ನು ಕೊಲ್ಲುತ್ತದೆ. ಪೆರಾಕ್ಸೈಡ್ ಒಣಹುಲ್ಲಿನ ಮೇಲೆ ಚೆಲ್ಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬಣವೆಗಳಿರುವ ಜಾಗದಲ್ಲಿ ಅದರ ಕ್ಯಾನುಗಳನ್ನು ಇಡಲು ನಾನಂತೂ ಒಪ್ಪುವುದಿಲ್ಲ. ಕೊನೆಗೆ ಆಮ್ಲ ಕಳೆಯಲು ಸುಣ್ಣ ಹಾಕಿದಾಗ ಉಳಿಯುವ ಕಬ್ಬಿಣದ ಕೆಸರನ್ನು ಎಲ್ಲಿ ಹಾಕುವುದೆಂದು ಮಾರಾಟಗಾರರು ಹೇಳಿದರೇ?

ಇಷ್ಟೆಲ್ಲ ಮಾಡಿದರೂ ಅಮೋನಿಯ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕೆರೆಯಲ್ಲಿ ಪಾಚಿ ಬೆಳೆಸುವುದರಲ್ಲಿ ಅದೂ ಒಂದು. ಫೆಂಟನ್ ಇರಬೇಕಾದದ್ದು ಸಾಲಿನ ತುದಿಯಲ್ಲಿ, ಸೂಕ್ಷ್ಮಾಣುಗಳು ತಿನ್ನಲಾಗದೆ ಬಿಟ್ಟ ಕಂದು ಬಣ್ಣ ಮತ್ತು ಔಷಧದ ಅಂಶಗಳಿಗೆ. ಗಾಳಿ ಊದಿ ಸೂಕ್ಷ್ಮಾಣುಗಳಿಂದ ಕೊಳೆ ತಿನ್ನಿಸುವ ಹಂತದ ನಂತರ ಸಿಒಡಿ 400ಕ್ಕೆ ಇಳಿದಿದ್ದರೆ ಅದೇ ದ್ರಾವಣ ದಿನಕ್ಕೆ 14 ಕಿಲೋ ಸಾಕು. ದಕ್ಷಿಣ ಕೊರಿಯಾದಲ್ಲಿ ಹಂದಿ ಸಾಕಣೆಯ ನೀರಿಗೆ ಇದನ್ನು ಬಳಸುವುದು ಹೀಗೆ, ಜೈವಿಕ ಹಂತದ ನಂತರ.

ಇನ್ನೊಂದು: ಪ್ರಾತ್ಯಕ್ಷಿಕೆ ನೋಡಿದರೆ ಸಂಸ್ಕರಿಸಿದ ನೀರಿನಲ್ಲಿ ಉಳಿದ ಪೆರಾಕ್ಸೈಡ್ ತೆಗೆದು ಪರೀಕ್ಷಿಸಲು ಹೇಳಿ. ಅದು ಉಳಿದಿದ್ದರೆ ಸಿಒಡಿ ಅಂಕಿ ತಪ್ಪಾಗಿ ಹೆಚ್ಚು ಬರುತ್ತದೆ.

ಉತ್ತರ 2 (ಹೈನುಗಾರ್ತಿ, ಮದ್ದೂರು)

ಅಣ್ಣ, ತೊಳೆಯುವ ಮೊದಲು ಸಗಣಿ ಬಾಚಿ ತೆಗೆಯುತ್ತೀರಾ? ನಾವು ಸಲಿಕೆಯಿಂದ ಬಾಚಿ, ಆಮೇಲೆ ನೀರು ಬಿಡುತ್ತೇವೆ. ಪೈಪಿನ ತುದಿಗೆ ಒತ್ತಡದ ನಾಜಲ್ ಹಾಕಿದ ಮೇಲೆ ನೀರು ಅರ್ಧಕ್ಕಿಳಿಯಿತು. ಬಾಚಿದ ಸಗಣಿಯನ್ನು ತೋಟದವರು ಬಂದು ಕೊಂಡೊಯ್ಯುತ್ತಾರೆ. ಉಳಿದ ನೀರೆಲ್ಲ ನೇಪಿಯರ್ ಹುಲ್ಲಿಗೆ.

ಪ್ರಶ್ನೆ ಕೇಳಿದವರು

ಸರ್, ಅಕ್ಕ, ಇಬ್ಬರಿಗೂ ಧನ್ಯವಾದ. ನಮಗೆ ಎಂಟು ಎಕರೆ ಇದೆ, ಮೂರರಲ್ಲಿ ಹುಲ್ಲು. ಬೇಸಿಗೆಯಲ್ಲಿ ಹುಲ್ಲಿಗೆ ಬಿಡಬಹುದು. ಜಡಿಮಳೆ ಹಿಡಿದಾಗ ಏನು ಮಾಡಲಿ?

ಉತ್ತರ 1ರವರು

ಸಂಗ್ರಹಿಸಿ. ನೀರು ದಿನಕ್ಕೆ 4,000 ಲೀಟರಿಗೆ ಇಳಿದರೆ ಅರವತ್ತು ದಿನಕ್ಕೆ 2,40,000 ಲೀಟರ್. 12 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ಹೊಂಡ ಅಷ್ಟನ್ನು ಹಿಡಿಯುತ್ತದೆ. ಮಳೆ ನೀರಿಗೆ ಮೇಲೆ ಇನ್ನೂ ಮುಕ್ಕಾಲು ಮೀಟರ್ ಬಿಡಿ. ಕೃಷಿ ಹೊಂಡಕ್ಕೆ ಹಾಸುವ ದಪ್ಪ ಹಾಳೆ ಹಾಕಿಸಿ, ಸುತ್ತ ಬೇಲಿ ಕಟ್ಟಿಸಿ. ಕೊಳವೆಬಾವಿಯಿಂದ ದೂರ ತೋಡಿಸಿ. ಚಾವಣಿಯ ಮಳೆನೀರು ಕೊಟ್ಟಿಗೆಯ ಚರಂಡಿ ಸೇರದಂತೆ ಬೇರೆ ಪೈಪಿನಲ್ಲಿ ಹೊರಗೆ ಬಿಡಿ. ಇದನ್ನು ಈ ಮಳೆಗಾಲಕ್ಕೆ ಮೊದಲೇ ಮಾಡಿಸಿಬಿಡಿ. ಬಾಚಿದ ಸಗಣಿಯನ್ನಂತೂ ಹೊರಗೆ ಕೊಡಲೇಬೇಕು, ಅರವತ್ತು ಹಸುಗಳ ಸಾರಜನಕವನ್ನು ಮೂರು ಎಕರೆ ಹುಲ್ಲು ಹೀರಲಾರದು.